ತಳವಾರ, ತೋಟಿ ಮತ್ತು ಕಳ್ಳನ ಹೆಜ್ಜೆ: ಊರಿನ ಕಾವಲಿನ ಹಳೇ ಲೆಕ್ಕ

ಮಳೆಗಾಲಕ್ಕೆ ಅಂತ ಒಟ್ಟಿದ ಸೌದೆ ರಾತ್ರೋರಾತ್ರಿ ಅರ್ಧ ಆಗೋದು, ಬೋರ್‌ವೆಲ್ ಕೇಬಲ್ ಕತ್ತರಿಸ್ಕೊಂಡು ಹೋಗೋದು, ಕಣದಲ್ಲಿ ಹರಡಿದ ಅಡಿಕೆ, ಅಟ್ಟದ ಮೇಲಿನ ಕೊಬ್ಬರಿ ಮಾಯ ಆಗೋದು. ಈ ಮಾತು ಈಗ ಎಲ್ಲ ಊರಿನ ಅರಳಿಕಟ್ಟೆ ಮೇಲೂ ಇದೆ. ಮಾತು ಕೊನೆಗೆ ಎರಡರಲ್ಲಿ ಒಂದು ಕಡೆ ಬಂದು ನಿಲ್ಲುತ್ತೆ. ಒಂದು, "ಕ್ಯಾಮೆರಾ ಹಾಕಿಸ್ಬೇಕು ಕಣಪ್ಪ". ಇನ್ನೊಂದು, "ನಮ್ಮ ತಾತನ ಕಾಲದಲ್ಲಿ ಹಿಂಗೆಲ್ಲ ಇರ್ಲಿಲ್ಲ".

ಈ ಸಲದ ಟಿಪ್ಪಣಿ ಎರಡನೇ ಮಾತಿನ ಬಗ್ಗೆ. ತಾತ ಮುತ್ತಾತನ ಕಾಲದಲ್ಲಿ ಕಳ್ಳರು ಇರಲಿಲ್ಲ ಅನ್ನೋದು ಸುಳ್ಳು. ಚೆನ್ನಾಗೇ ಇದ್ದರು. ಆದರೆ ಕಳ್ಳತನ ಆದರೆ ಯಾರು ಉತ್ತರ ಕೊಡಬೇಕು, ಕಾಯೋನಿಗೆ ಯಾರು ಎಷ್ಟು ಕೊಡಬೇಕು ಅನ್ನೋ ಲೆಕ್ಕ ಊರಲ್ಲಿ ಇತ್ತು. ಆ ಲೆಕ್ಕ ಹೇಗಿತ್ತು, ಅದರಲ್ಲಿ ಏನು ಒಳ್ಳೇದಿತ್ತು, ಏನು ಕೆಟ್ಟದ್ದಿತ್ತು, ಯಾವಾಗ ಹೋಯ್ತು ಅಂತ ನೋಡೋಣ. ಉದ್ದ ಇದೆ, ಸಾಯಂಕಾಲ ಬಿಡುವಾಗಿ ಓದಿ.

ಮೊದಲು ನಮ್ಮ ಊರುಗಳ ಹೊರಗೆ, ದೇವಸ್ಥಾನದ ಪಕ್ಕ, ಕೆರೆ ಏರಿ ಮೇಲೆ ನಿಂತಿರೋ ವೀರಗಲ್ಲುಗಳನ್ನು ನೆನಪು ಮಾಡ್ಕೊಳ್ಳಿ. ಎಲ್ಲವೂ ರಾಜರ ಯುದ್ಧದಲ್ಲಿ ಸತ್ತವರದ್ದಲ್ಲ. ಬಹಳಷ್ಟು ಕಲ್ಲುಗಳ ಮೇಲೆ ಇರೋದು "ತುರುಗೋಳ್" ಅನ್ನೋ ಮಾತು. ಅಂದ್ರೆ ದನ ಹೊಡ್ಕೊಂಡು ಹೋಗೋದು. ಪಕ್ಕದ ಸೀಮೆಯವರೋ ಕಳ್ಳರೋ ಊರಿನ ದನ ಹೊಡೆದಾಗ, ಅಡ್ಡ ನಿಂತು ದನ ಬಿಡಿಸಿ ಸತ್ತವನ ಕಲ್ಲು ಅದು. ಕಲ್ಲಿನ ಕೆಳಭಾಗದಲ್ಲಿ ದನದ ಸಾಲು ಕೆತ್ತಿರುವುದನ್ನು ನೀವೇ ನೋಡಿರ್ತೀರಿ. ಹೀಗೆ ಸತ್ತವನ ಮನೆಯವರಿಗೆ ಜಮೀನು ಬಿಟ್ಟುಕೊಡೋ ಪದ್ಧತಿಯೂ ಇತ್ತು. ಶಾಸನಗಳಲ್ಲಿ ಅದಕ್ಕೆ "ನೆತ್ತರುಕೊಡಗೆ" ಅಂತ ಹೆಸರು. ರಕ್ತಕ್ಕೆ ಕೊಟ್ಟ ಕೊಡುಗೆ. ಕಾದವನ ಋಣ ತೀರಿಸೋದು ಅಂತ ಒಂದಿತ್ತು ಅನ್ನೋದನ್ನ ಇಲ್ಲಿಂದ ಗುರುತು ಹಾಕ್ಕೊಳ್ಳಿ.

1800ರಲ್ಲಿ, ಟಿಪ್ಪು ಸತ್ತ ಮರುವರ್ಷ, ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯ ಮದ್ರಾಸಿನಿಂದ ಹೊರಟು ಮೈಸೂರು ಸೀಮೆ, ಕೆನರಾ, ಮಲಬಾರೆಲ್ಲ ಸುತ್ತಿದ. ಅವನು ಬರೆದಿದ್ದು 1807ರಲ್ಲಿ 3 ಸಂಪುಟಗಳಾಗಿ ಅಚ್ಚಾಯ್ತು. ನಮ್ಮ ಬಯಲುಸೀಮೆಯ ಹಳ್ಳಿಗಳಿಗೆ ಮಣ್ಣಿನ ಕೋಟೆ, ಮುಳ್ಳುಬೇಲಿ ಇದ್ದದ್ದನ್ನ ಅವನು ಮತ್ತೆ ಮತ್ತೆ ಬರೀತಾನೆ. ಈಗಲೂ ನಮ್ಮ ಕಡೆ "ಕೋಟೆ ಬಾಗಿಲು" ಅಂತ ಬೀದಿ ಹೆಸರು ಉಳಿದ ಸಣ್ಣ ಹಳ್ಳಿಗಳಿವೆ. ರಾಗಿಯನ್ನ ನೆಲದೊಳಗೆ ಗುಂಡಿ ತೋಡಿ ಇಡೋದನ್ನೂ ಅವನು ಬರೆದಿದ್ದಾನೆ. ಅದೇ ನಮ್ಮ ಹಗೇವು. ಹುಳ ಬೀಳಬಾರದು ಅನ್ನೋದು ಒಂದು ಕಾರಣ. ಬಾಯಿ ಮುಚ್ಚಿ ಮೇಲೆ ಮಣ್ಣು ಬಳಿದರೆ ಹೊರಗಿನವನಿಗೆ ಅಲ್ಲಿ ರಾಗಿ ಇದೆ ಅಂತ ಗೊತ್ತೇ ಆಗಬಾರದು ಅನ್ನೋದು ಇನ್ನೊಂದು. ದಂಡು ಬರಲಿ, ದರೋಡೆ ಬರಲಿ, ಮನೆ ಸುಟ್ಟರೂ ನೆಲದೊಳಗಿನ ರಾಗಿ ಉಳೀತಿತ್ತು.

ಕೋಟೆ, ಬೇಲಿ, ಹಗೇವು ಇವೆಲ್ಲ ಇವತ್ತಿನ ಬೀಗ, ಕ್ಯಾಮೆರಾ ಇದ್ದ ಹಾಗೆ. ಇವನ್ನೂ ದಾಟಿ ಕಳ್ಳ ಬಂದರೆ? ಆಗ ಹೊಣೆ ಯಾರದ್ದು ಅನ್ನೋದಕ್ಕೆ ನಮ್ಮ ನೆಲದಲ್ಲೇ ವಿವರಿಸಿ ಬರೆದ ಉತ್ತರ ಇದೆ.

ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣ ಆಗ ಕಲ್ಯಾಣ. 1076ರಿಂದ 1126ರವರೆಗೆ ಆಳಿದ ಚಾಲುಕ್ಯ 6ನೇ ವಿಕ್ರಮಾದಿತ್ಯನ ಕಾಲದಲ್ಲಿ ಅಲ್ಲಿದ್ದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿಗೆ "ಮಿತಾಕ್ಷರಾ" ಅನ್ನೋ ಟೀಕೆ ಬರೆದ. ಆಸ್ತಿ ಪಾಲಿನ ಕೇಸು ಕೋರ್ಟಿಗೆ ಹೋದಾಗ ವಕೀಲರ ಬಾಯಲ್ಲಿ ಬರೋ ಮಿತಾಕ್ಷರ ಇದೇ. ಇದರಲ್ಲಿ ಪಾಲು ಪಟ್ಟಿ ಮಾತ್ರ ಇಲ್ಲ, ಕಳ್ಳತನದ ವಿಚಾರವೂ ಇದೆ. ಮೂಲದ ನಿಯಮದ ಸಾರ ಇಷ್ಟು: ಊರೊಳಗೆ ಕಳ್ಳತನ ಆಗಿ, ಕಳ್ಳ ಹೊರಗೆ ಹೋದ ಗುರುತು ಸಿಗದಿದ್ದರೆ ಊರಿನ ಮುಖ್ಯಸ್ಥ ಹೊಣೆ. ಗೋಮಾಳದಲ್ಲಿ ಆದರೆ ಗೋಮಾಳ ನೋಡ್ಕೊಳ್ಳೋನು ಹೊಣೆ. ಯಾವ ಊರಿನ ಎಲ್ಲೆಯೊಳಗೆ ಆಯಿತೋ ಆ ಊರು ನಷ್ಟ ಕಟ್ಟಬೇಕು, ಇಲ್ಲವೇ ಕಳ್ಳನ ಹೆಜ್ಜೆ ಗುರುತು ಯಾವ ಊರಿಗೆ ಹೋಗಿದೆಯೋ ಆ ಊರು ಕಟ್ಟಬೇಕು. ಊರುಗಳಿಂದ ದೂರದಲ್ಲಿ ಆದರೆ ಸುತ್ತಲಿನ 5 ಊರು ಅಥವಾ 10 ಊರು ಸೇರಿ ಕಟ್ಟಬೇಕು.

"ನಮ್ಮ ಲಿಮಿಟ್ಸ್ ಅಲ್ಲ" ಅಂತ ಯಾರೂ ತಪ್ಪಿಸ್ಕೊಳ್ಳೋಕೆ ಆಗದ ಹಾಗೆ ಕಟ್ಟಿದ ನಿಯಮ ಇದು. ಎಲ್ಲೆ ಅಂದ ಮೇಲೆ ಅದರ ಹೊಣೆ ಯಾರದ್ದಾದರೂ ಇರಲೇಬೇಕು.

ಇದು ಪುಸ್ತಕದ ಮಾತು, ಊರಲ್ಲಿ ಯಾರು ನಡೆಸ್ತಿದ್ದರು ಅಂತ ನೀವು ಕೇಳಬಹುದು. 1818ರಲ್ಲಿ ಪೇಶ್ವೆಗಳ ರಾಜ್ಯ ಕಂಪನಿ ಕೈಗೆ ಬಂತು. ನಮ್ಮ ಧಾರವಾಡದ ಕಡೆಯ ಸೀಮೆಯೂ ಅದರಲ್ಲಿ ಸೇರಿತ್ತು. ಹೊಸದಾಗಿ ಬಂದ ಆ ಪ್ರದೇಶದ ಬಗ್ಗೆ ಎಲ್ಫಿನ್‌ಸ್ಟನ್ 1819ರಲ್ಲಿ ವರದಿ ಬರೆದ. ಅದರಲ್ಲಿ ಊರ ಕಾವಲುಗಾರನ ಕೆಲಸದ ವಿವರ ಇದೆ. ಅವನು ರಾತ್ರಿ ಗಸ್ತು ತಿರುಗಬೇಕು, ಊರಿಗೆ ಯಾರು ಬಂದರು ಯಾರು ಹೋದರು ತಿಳಿದಿರಬೇಕು, ಊರಿನ ಪ್ರತಿಯೊಬ್ಬನ ನಡತೆ ಗೊತ್ತಿರಬೇಕು. ಕಳ್ಳತನ ಆದರೆ ಕಳ್ಳನ ಹೆಜ್ಜೆ ಅಳತೆ ತಗೊಂಡು ಅದರ ಜಾಡು ಹಿಡಿದು ಹೋಗಬೇಕು. ಜಾಡು ಪಕ್ಕದ ಊರಿನ ಎಲ್ಲೆ ದಾಟಿದ್ದನ್ನ ಆ ಊರಿನ ಕಾವಲುಗಾರನಿಗೆ ತೋರಿಸಿ ಒಪ್ಪಿಸಿದರೆ ಇವನ ಹೊಣೆ ಮುಗೀತು. ಅಲ್ಲಿಂದ ಆ ಊರಿನವನ ಸರದಿ. ಜಾಡು ಸ್ಪಷ್ಟವಾಗಿ ಕೊನೆಗೆ ಯಾವ ಊರಲ್ಲಿ ನಿಲ್ಲುತ್ತೋ ಆ ಊರು ಕಳುವಾದ ಮಾಲಿಗೆ ಜವಾಬ್ದಾರಿ. ಕಾವಲುಗಾರ ತನ್ನ ಕೈಲಾದಷ್ಟು ಕಟ್ಟಬೇಕು, ಉಳಿದದ್ದನ್ನ ಇಡೀ ಊರಿನ ಮೇಲೆ ಹಾಕ್ತಿದ್ದರು. ಪೂರ್ತಿ ವಸೂಲಿ ಮಾಡ್ತಿದ್ದದ್ದು ಅಪರೂಪ, ಅದು ಎಲ್ಲ ಸಲ ನ್ಯಾಯವೂ ಅಲ್ಲ ಅಂತಲೂ ಅವನೇ ಬರೀತಾನೆ.

ವಿಜ್ಞಾನೇಶ್ವರ ವಿವರಿಸಿದ ಲೆಕ್ಕ 700 ವರ್ಷ ಆದ ಮೇಲೂ ಹೆಚ್ಚುಕಮ್ಮಿ ಹಾಗೇ ನಡೀತಿತ್ತು ಅಂತಾಯ್ತು. ರಾಜರು ಬದಲಾದರು, ಹೆಜ್ಜೆಯ ಲೆಕ್ಕ ಬದಲಾಗಲಿಲ್ಲ.

ನಮ್ಮ ಮೈಸೂರು ಸೀಮೆಯಲ್ಲಿ ಈ ಕೆಲಸ ಇಬ್ಬರಿಗೆ ಹಂಚಿತ್ತು. 1810ರಲ್ಲಿ ಮಾರ್ಕ್ ವಿಲ್ಕ್ಸ್ ಬರೆದ ಮೈಸೂರಿನ ಇತಿಹಾಸದಲ್ಲಿ ಊರಿನ 12 ಆಯಗಾರರ ಪಟ್ಟಿ ಇದೆ. ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಹಜಾಮ, ಅಕ್ಕಸಾಲಿ. ಗೌಡ, ಶಾನುಭೋಗ ಆದ ತಕ್ಷಣ ಮೂರನೇದು, ನಾಲ್ಕನೇದು ಕಾವಲಿನವರು. ತಳವಾರನದು ದೊಡ್ಡ ಸುತ್ತು: ಅಪರಾಧದ ಸುಳಿವು ಹಿಡಿಯೋದು, ಒಂದೂರಿಂದ ಇನ್ನೊಂದೂರಿಗೆ ಹೋಗೋರಿಗೆ ಜೊತೆ ಹೋಗೋದು. ತೋಟಿಯದು ಊರೊಳಗಿನ ಸುತ್ತು: ಬೆಳೆ ಕಾಯೋದು, ಕಣ ಕಾಯೋದು, ರಾಶಿ ಅಳೆಯುವಾಗ ಜೊತೆಗಿರೋದು. ನೀರು ಕಾಯೋಕೆ ನೀರಗಂಟಿ ಬೇರೆ. 1812ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ಬಂದ "ಐದನೇ ವರದಿ"ಯಲ್ಲೂ ತಳವಾರ, ತೋಟಿಯರ ಕೆಲಸವನ್ನ ಹೀಗೇ ಬೇರೆ ಬೇರೆ ಮಾಡಿ ಹೇಳಿದ್ದಾರೆ.

ಇವರಿಗೆ ಕೂಲಿ ಎಲ್ಲಿಂದ? ಒಂದು, ಇನಾಂ ಜಮೀನು. ಇನ್ನೊಂದು, ಕಣದಲ್ಲಿ ಆಯ. ಒಕ್ಕಣೆ ಆಗಿ ರಾಶಿ ಮಾಡಿದ ಮೇಲೆ ದೇವರ ಪಾಲು, ಆಯಗಾರರ ಪಾಲು ತೆಗೆದು ಆಮೇಲೆ ರೈತ ಮತ್ತು ಸರ್ಕಾರದ ಪಾಲು ಹಂಚುತ್ತಿದ್ದ ಕ್ರಮವನ್ನ ಬುಕಾನನ್ ಬೇರೆ ಬೇರೆ ಊರುಗಳಲ್ಲಿ ಲೆಕ್ಕ ಸಮೇತ ಬರ್ಕೊಂಡಿದ್ದಾನೆ. ಇದರ ಒಳಗುಟ್ಟು ನಮಗೆ ರೈತರಿಗೆ ಬೇಗ ಅರ್ಥ ಆಗುತ್ತೆ. ರಾಶಿ ದೊಡ್ಡದಾದರೆ ಕಾದವನ ಪಾಲೂ ದೊಡ್ಡದು. ಬೆಳೆ ಕಳ್ಳರ ಪಾಲಾದರೆ ಅವನ ಮನೆ ಒಲೆಯೂ ಆರುತ್ತೆ. ಕಾಯೋನ ಹೊಟ್ಟೆ, ಬೆಳೆದವನ ಹೊಟ್ಟೆ ಒಂದೇ ರಾಶಿಗೆ ಕಟ್ಟಿತ್ತು.

ಹಾಗಂತ ತೋಟಿ ಕಣ ಕಾಯ್ತಿದ್ದದ್ದು ಕಳ್ಳನಿಂದ ಮಾತ್ರ ಅಂತ ತಿಳೀಬೇಡಿ. ಸರ್ಕಾರದ ಪಾಲು ಅಳೆಯೋ ಮುಂಚೆ ರೈತನೇ ಒಂದೆರಡು ಮೂಟೆ ಸಾಗಿಸಿಬಿಡ್ತಾನೆ ಅನ್ನೋ ಭಯವೂ ಆಳೋರಿಗೆ ಇತ್ತು. ಅದಕ್ಕೇ ರಾಶಿ ಮೇಲೆ ಮಣ್ಣಿನ ಹೆಂಟೆ ಇಟ್ಟು ಮರದ ಮುದ್ರೆ ಒತ್ತೋದು, ಬೂದಿ ಗೆರೆ ಎಳೆಯೋದು. ಯಾರು ಮುಟ್ಟಿದರೂ ಗುರುತು ಕೆಡುತ್ತೆ.

ಇನ್ನು ಸೌದೆ ವಿಚಾರಕ್ಕೆ ಬರ್ತೀನಿ. ಒಣಗಿದ ಸೌದೆ ಎತ್ಕೊಂಡು ಹೋಗೋದನ್ನ ನಮ್ಮ ಜನ ಕಳ್ಳತನ ಅಂತಲೇ ಎಣಿಸಲ್ಲ. "ನಾಕು ಕಡ್ಡಿ ತಗೊಂಡ್ರೆ ಏನಾಯ್ತು" ಅಂತಾರೆ. ಈ ಭಾವನೆಗೂ ಹಳೇ ಬೇರು ಇದೆ. ಬೆಂಕಿಗೆ ಕಟ್ಟಿಗೆ, ದನಕ್ಕೆ ಹುಲ್ಲು ತಗೊಳ್ಳೋದು ಕಳವಲ್ಲ ಅಂತ ಮನುಸ್ಮೃತಿ ಹೇಳುತ್ತೆ. ಯಾಜ್ಞವಲ್ಕ್ಯ ಸ್ಮೃತಿ ಹುಲ್ಲು, ಕಟ್ಟಿಗೆ, ಹೂವನ್ನ ಎಲ್ಲಿಂದ ಬೇಕಾದರೂ ತರಬಹುದು ಅನ್ನುತ್ತೆ, ಆದರೆ ಆ ಸವಲತ್ತನ್ನ ದ್ವಿಜರಿಗೆ ಅಂತ ಬರೆದಿದೆ. ಉಳಿದವರ ಮನೆಯಲ್ಲಿ ಒಲೆ ಉರೀತಿರಲಿಲ್ವೇನೋ! ಅದೇ ಸ್ಮೃತಿ ಹಸಿ ಮರದ ವಿಚಾರಕ್ಕೆ ಬಂದರೆ ಕಟ್ಟುನಿಟ್ಟು. ಆಲದಂಥ ಮರ, ಫಲ ಕೊಟ್ಟು ಬದುಕು ನಡೆಸೋ ಮರ, ಇವುಗಳ ಕೊಂಬೆ ಕಡಿದರೆ 20 ಪಣ ದಂಡ, ಬೊಡ್ಡೆ ಕಡಿದರೆ 40, ಮರವನ್ನೇ ಉರುಳಿಸಿದರೆ 80. ದೇವಸ್ಥಾನ, ಸ್ಮಶಾನ, ಊರ ಎಲ್ಲೆಯ ಮರ ಆದರೆ ಇದರ ಎರಡರಷ್ಟು.

ಒಣಗಿದ್ದು ಬೇರೆ, ಹಸಿ ಬೇರೆ. ಒಲೆಗೆ ಒಂದು ಹೊರೆ ಬೇರೆ, ಮಾರೋಕೆ ಒಂದು ಗಾಡಿ ಬೇರೆ. ಗುಂಡುತೋಪು, ಗೋಮಾಳ ಇದ್ದ ಕಾಲದಲ್ಲಿ ಈ ಗೆರೆ ಊರಿಗೆಲ್ಲ ಗೊತ್ತಿತ್ತು. ಈಗ ತೋಪು ಒತ್ತುವರಿ ಆಗಿದೆ, ಗೋಮಾಳ ಸೈಟಾಗಿದೆ. ಹೊರೆ ಸೌದೆ ಆಯೋಕೆ ಜಾಗ ಇಲ್ಲದ ಹೆಂಗಸು ನಮ್ಮ ಬದುವಿಗೆ ಬರ್ತಾಳೆ. ಇಟ್ಟಿಗೆ ಗೂಡಿಗೆ ಹೊಡೆಯೋನು ಟ್ರ್ಯಾಕ್ಟರ್ ತಗೊಂಡು ನಮ್ಮ ಹೊಂಗೆ ಮರಕ್ಕೇ ಬರ್ತಾನೆ. ಇಬ್ಬರನ್ನೂ ಒಂದೇ ತಕ್ಕಡೀಲಿ ತೂಗಿದರೆ ಮೊದಲನೆಯವಳಿಗೆ ಅನ್ಯಾಯ ಆಗುತ್ತೆ, ಎರಡನೆಯವನಿಗೆ ಅನುಕೂಲ ಆಗುತ್ತೆ.

ಈಗ ಕಹಿ ಭಾಗ. ತಳವಾರ, ತೋಟಿ ವ್ಯವಸ್ಥೆ ಚೆನ್ನಾಗಿತ್ತು ಅಂತ ಹೇಳೋಕೆ ನಮಗೆ ಸುಲಭ. ಕಾದವರ ಮನೆಯವರನ್ನ ಕೇಳಿ ನೋಡಿ. ತೋಟಿ ಕೆಲಸ ಬಹುತೇಕ ಊರುಗಳಲ್ಲಿ ದಲಿತರ ಕೇರಿಯ ಮೇಲೆ ಹುಟ್ಟಿನಿಂದಲೇ ಬಿದ್ದದ್ದು. ಬೇಡ ಅನ್ನೋ ಹಾಗಿಲ್ಲ. ಊರಿನ ಕಣ ಕಾಯೋನು ಊರೊಳಗೆ ಮನೆ ಕಟ್ಟೋ ಹಾಗಿಲ್ಲ. ಮುಂಬೈ ಪ್ರಾಂತ್ಯದಲ್ಲಿ ಇದೇ ಥರದ ಮಹಾರ್ ವತನ ಇತ್ತು. ಆಗ ನಮ್ಮ ಬೆಳಗಾವಿ, ಧಾರವಾಡ, ಬಿಜಾಪುರವೂ ಅದೇ ಪ್ರಾಂತ್ಯಕ್ಕೆ ಸೇರಿದ್ದವು. ಈ ವತನದ ಕಾನೂನು ಬದಲಾಯಿಸೋಕೆ ಡಾ. ಅಂಬೇಡ್ಕರ್ 1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ಮಸೂದೆ ತಂದರು. ಅವರ ವಾದ ನೇರ: ವತನದಾರ ದಿನದ 24 ಗಂಟೆಯೂ ಸರ್ಕಾರದ ಆಳು, ಅವನಿಲ್ಲದಿದ್ದರೆ ಮನೆಯ ಇನ್ನೊಬ್ಬ ಹೋಗಬೇಕು, ಅಷ್ಟಕ್ಕೂ ಸಿಗೋದು ಹೊಟ್ಟೆಗೂ ಸಾಲದ ಕೂಲಿ. ಹೊಣೆ ಪೂರ್ತಿ ಅವನ ತಲೆ ಮೇಲೆ, ಕೂಲಿ ಮಾತ್ರ ಊರಿನ ಮರ್ಜಿ. ನಮ್ಮ ತಾತಂದಿರ ನೆಮ್ಮದಿಯ ನಿದ್ದೆಗೆ ಇದೂ ಒಂದು ಕಾರಣ ಅನ್ನೋದನ್ನ ಮರೆತು ಹಳೇ ಕಾಲ ಹೊಗಳಬಾರದು.

ಬ್ರಿಟಿಷರ ಕಾಲದಲ್ಲಿ ಈ ಲೆಕ್ಕ ಮೆಲ್ಲಗೆ ಬಿಚ್ಕೊಳ್ತು. ಮದ್ರಾಸ್ ಪ್ರಾಂತ್ಯದಲ್ಲಿ 1816ರ ಕಾನೂನು ಪಟೇಲರಿಗೆ ಪೊಲೀಸ್ ಅಧಿಕಾರ ಕೊಟ್ಟಿತು. 1861ರಲ್ಲಿ ಪೊಲೀಸ್ ಕಾಯ್ದೆ ಬಂತು. 1867ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಗ್ರಾಮ ಪೊಲೀಸ್ ಕಾಯ್ದೆ, 1908ರಲ್ಲಿ ಮೈಸೂರಿಗೆ ಗ್ರಾಮಾಧಿಕಾರಿಗಳ ಕಾನೂನು. ತಳವಾರ ಉಳಿದ, ಅವನ ಕೆಲಸ ಬದಲಾಯ್ತು. ಹೆಜ್ಜೆ ಹಿಡಿದು ಹೋಗೋನು ಠಾಣೆಗೆ ವರದಿ ಒಪ್ಪಿಸೋನಾದ, ಸಾಹೇಬರು ಬಂದರೆ ಡೇರೆ ಹೊರೋನಾದ. ಅವನು ಉತ್ತರ ಕೊಡಬೇಕಾದ್ದು ಊರಿಗಲ್ಲ, ಮೇಲಿನವರಿಗೆ. ಕಳುವಾದ ಮಾಲಿಗೆ ನಷ್ಟ ಕಟ್ಟೋ ಮಾತು ಮರೆಯಾಯ್ತು.

ಅದೇ ಕಾಲದಲ್ಲಿ ಇನ್ನೂ ಒಂದು ಕೆಟ್ಟ ಅಭ್ಯಾಸ ಶುರುವಾಯ್ತು. ಹೆಜ್ಜೆ ಹುಡುಕೋ ಬದಲು ಜಾತಿ ಹುಡುಕೋದು. 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂತು, 1911ರ ಕಾಯ್ದೆಯ ಮೇಲೆ ದಕ್ಷಿಣಕ್ಕೂ ಹರಡಿತು. ಕೊರಚ, ಕೊರಮರು ಎತ್ತು, ಕತ್ತೆಗಳ ಮೇಲೆ ಉಪ್ಪು, ಧಾನ್ಯ ಹೇರ್ಕೊಂಡು ಊರೂರು ತಿರುಗಿ ವ್ಯಾಪಾರ ಮಾಡ್ತಿದ್ದ ಜನ. ರೈಲು ಬಂತು, ಉಪ್ಪಿನ ವ್ಯಾಪಾರ ಸರ್ಕಾರದ ಹಿಡಿತಕ್ಕೆ ಹೋಯ್ತು, ಅವರ ಬದುಕು ಮುರೀತು. ಆಮೇಲೆ ಅಂಥವರನ್ನೇ ಹುಟ್ಟು ಕಳ್ಳರು ಅಂತ ಪಟ್ಟಿಗೆ ಸೇರಿಸಿ, ದಿನಾ ಹಾಜರಿ ಹಾಕಿಸಿದರು. ಹುಬ್ಬಳ್ಳಿಯಲ್ಲಿ ಇಂಥ ಸಮುದಾಯಗಳನ್ನ ಕೂಡಿಹಾಕಿದ್ದ ಜಾಗಕ್ಕೆ ಇವತ್ತಿಗೂ "ಸೆಟ್ಲಮೆಂಟ್" ಅಂತಲೇ ಹೆಸರು. ಆ ಕಾಯ್ದೆ ರದ್ದಾದದ್ದು 1952ರಲ್ಲಿ. ಮನಸ್ಸಿನಿಂದ ಇನ್ನೂ ರದ್ದಾಗಿಲ್ಲ. ಊರಾಚೆ ಯಾರೋ ಟೆಂಟ್ ಹಾಕಿದರೆ ಕೇಬಲ್ ಕದ್ದೋರು ಅವರೇ ಅಂತ ತೀರ್ಮಾನ ಆಗಿಬಿಡುತ್ತೆ. ಹಾಗೆ ತೀರ್ಮಾನ ಮಾಡಿದ ದಿನ ನಿಜವಾದ ಕಳ್ಳ ನಿಶ್ಚಿಂತೆಯಿಂದ ಮಲಗ್ತಾನೆ.

ಕಾಯೋನೊಬ್ಬ, ಅನುಭವಿಸೋನೊಬ್ಬ ಆದರೆ ಏನಾಗುತ್ತೆ ಅನ್ನೋದಕ್ಕೆ ಶ್ರೀಗಂಧಕ್ಕಿಂತ ಉದಾಹರಣೆ ಬೇಡ. ಟಿಪ್ಪು ಕಾಲದಲ್ಲಿ, 1792ರಲ್ಲಿ, ಅದು ರಾಜವೃಕ್ಷ ಆಯ್ತು. ಅಲ್ಲಿಂದ ನಮ್ಮ ಜಮೀನಲ್ಲೇ ಹುಟ್ಟಿದ ಗಂಧದ ಮರವೂ ಸರ್ಕಾರದ್ದು. ಕಾಯೋ ಹೊಣೆ ಮಾತ್ರ ಜಮೀನಿನವನದು. ಮರ ಕಳುವಾದರೆ ಮೊದಲು ವಿಚಾರಣೆ ಅವನಿಗೇ. ಹೀಗಾದಾಗ ಯಾರು ಬೆಳೆಸ್ತಾರೆ? ಬದುವಲ್ಲಿ ಗಂಧದ ಸಸಿ ಕಂಡರೆ ಕಿತ್ತು ಹಾಕ್ತಿದ್ದ ಕಥೆ ನಿಮ್ಮ ಮನೆ ಹಿರಿಯರೇ ಹೇಳಿರ್ತಾರೆ. 2001ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಮರದ ಒಡೆತನ ಜಮೀನಿನವನಿಗೆ ಬಂತು, ಜನ ಗಂಧ ನೆಡೋಕೆ ಶುರು ಮಾಡಿದರು. ಕಳ್ಳರ ಕಾಟ ಹೋಗಲಿಲ್ಲ, ಆದರೆ ಕಾಯೋಕೆ ಒಂದು ಕಾರಣ ಹುಟ್ಟಿತು.

ಊರಿನ ಕಾವಲಿನ ಕೊನೆಯ ಅಧ್ಯಾಯ 1 ಫೆಬ್ರವರಿ 1963. 1961ರಲ್ಲಿ ಪಾಸಾದ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ ಅವತ್ತು ಜಾರಿಗೆ ಬಂತು. ಪಟೇಲ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ವಂಶಪಾರಂಪರ್ಯದ ಎಲ್ಲ ಹುದ್ದೆಯೂ ರದ್ದು. ಇನಾಂ ಜಮೀನು ಸರ್ಕಾರಕ್ಕೆ ಬಂದು, ಹುದ್ದೆ ಮಾಡ್ತಿದ್ದವರಿಗೇ ಮರುಮಂಜೂರಾಗಬೇಕಿತ್ತು. ಎಷ್ಟೋ ಹಳೇ ಪಹಣಿಗಳಲ್ಲಿ "ತೋಟಿ ಇನಾಂ", "ತಳವಾರಿಕೆ ಇನಾಂ" ಅಂತ ಕಾಣೋದು ಅದೇ. ಹುಟ್ಟಿನಿಂದ ಬಂದ ಜೀತ ಹೋಗಬೇಕಿತ್ತು, ಹೋಯ್ತು, ಒಳ್ಳೇದಾಯ್ತು. ಆದರೆ ಅದರ ಜಾಗದಲ್ಲಿ ಸಂಬಳ ಕೊಟ್ಟು, ಗೌರವ ಕೊಟ್ಟು ಇಟ್ಟುಕೊಳ್ಳೋ ಕಾವಲನ್ನ ಯಾರೂ ಕಟ್ಟಲಿಲ್ಲ. ಗ್ರಾಮ ಸಹಾಯಕ ಅಂತ ಉಳಿದವರು ಕಂದಾಯ ಇಲಾಖೆ ಕಾಗದ ಹೊತ್ಕೊಂಡು ಓಡಾಡೋದೇ ಆಯ್ತು.

ಈಗ ನಮ್ಮ ಮುಂದಿರೋ ಕಾನೂನು ಏನು? 1 ಜುಲೈ 2024ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ ಎರಡು ವಿಷಯ ನಮಗೆ ಮುಖ್ಯ. ಒಂದು ಅನುಕೂಲ: ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಕಳವಿನ ದೂರನ್ನ ಯಾವ ಠಾಣೆಯಲ್ಲಾದರೂ ಕೊಡಬಹುದು, ಎಲ್ಲೆ ನಮ್ಮದಲ್ಲ ಅಂತ ವಾಪಸ್ ಕಳಿಸೋ ಹಾಗಿಲ್ಲ. ಇನ್ನೊಂದು ತೊಡಕು: ಕಳುವಾದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಕಳ್ಳನಿಗೆ ಅದು ಮೊದಲ ಸಲ ಆಗಿದ್ದು, ಮಾಲು ವಾಪಸ್ ಕೊಟ್ಟರೆ ಶಿಕ್ಷೆ ಸಮುದಾಯ ಸೇವೆ. ಇಂಥ ಸಣ್ಣ ಕಳವನ್ನ ಪೊಲೀಸರು ತಾವಾಗೇ ತನಿಖೆ ಮಾಡೋ ಪಟ್ಟಿಯಿಂದ ಹೊರಗಿಟ್ಟಿದ್ದಾರೆ, ಕೋರ್ಟಿನ ಅಪ್ಪಣೆ ಬೇಕು. ಒಂದು ಗಾಡಿ ಸೌದೆ, ಒಂದು ಮೂಟೆ ಕಾಯಿ, ನಾಕು ಡ್ರಿಪ್ ಪೈಪು ಇವೆಲ್ಲ ಈ ಗೆರೆಯ ಕೆಳಗೇ ಬೀಳೋವು. ಸಣ್ಣ ಕಳ್ಳತನದ ಕಾವಲು ತಿರುಗಿ ಊರಿನ ಮಡಿಲಿಗೇ ಬಂದು ಬಿದ್ದಿದೆ, ಕಾಯೋನು ಮಾತ್ರ ಇಲ್ಲ.

ಹಳೇ ಲೆಕ್ಕದಿಂದ ತಗೊಳ್ಳಬಹುದಾದ್ದು ಇಷ್ಟು ಅಂತ ನನಗೆ ಕಾಣುತ್ತೆ.

ಕಾವಲು ಇಡೋದಾದರೆ ಒಬ್ಬರೇ ಇಡಬೇಡಿ. ಒಂದೇ ದಾರಿಗೆ ಸೇರೋ ಎಂಟು ಹತ್ತು ತೋಟದವರು ಸೇರಿ ಇಡಿ. ಯಾವ ದಾರಿಯಿಂದ ಯಾವ ದಾರಿವರೆಗೆ ಅಂತ ಎಲ್ಲೆ ಬರೆದಿಡಿ. ಕಾಯೋನಿಗೆ ತಿಂಗಳ ಕೂಲಿ ಜೊತೆಗೆ ಕೊಯ್ಲಿನಲ್ಲಿ ಒಂದು ಪಾಲು ಇರಲಿ, ಆಯ ಇದ್ದ ಹಾಗೆ. ಯಾವ ಕೇರಿಯವನು ಅಂತ ನೋಡದೆ, ಬೇಡ ಅಂದಾಗ ಬಿಟ್ಟು ಹೋಗೋ ಸ್ವಾತಂತ್ರ್ಯ ಇಟ್ಟು ಮಾತಾಡಿ. ಕಳವಾದರೆ ನಷ್ಟವನ್ನ ಅವನ ತಲೆಗೆ ಕಟ್ಟಬೇಡಿ, ಎಲ್ಲರೂ ಸ್ವಲ್ಪ ಸ್ವಲ್ಪ ಹಾಕ್ಕೊಳ್ಳಿ.

ಸೌದೆ ಒಟ್ಟಿಗೆ ಗುರುತು ಮಾಡಿ. ಮೇಲಿನ ವರಸೆಯ ತುದಿಗಳಿಗೆ ಸುಣ್ಣ ಬಳಿದರೂ ಸಾಕು, ರಾಶಿಗೆ ಮುದ್ರೆ ಒತ್ತಿದ ಹಾಗೆ, ಎಳೆದಿದ್ದು ಬೆಳಗ್ಗೆಗೇ ಗೊತ್ತಾಗುತ್ತೆ. ಕಳವಾದ ಜಾಗವನ್ನ ಜನ ತುಳಿದು ಹಾಕೋ ಮುಂಚೆ ಚಕ್ರದ ಗುರುತು, ಹೆಜ್ಜೆ ಗುರುತಿನ ಫೋಟೋ ತೆಗೀರಿ, ಪಕ್ಕಕ್ಕೆ ಒಂದು ಬೆಂಕಿಪೊಟ್ಟಣ ಇಟ್ಟರೆ ಅಳತೆ ಗೊತ್ತಾಗುತ್ತೆ. ಜಾಡು ಪಕ್ಕದೂರಿನ ಕಡೆ ಹೋಗಿದ್ದರೆ ಜಗಳಕ್ಕೆ ಹೋಗಬೇಡಿ, ಅವರನ್ನ ಕರೆದು ತೋರಿಸಿ. ಅವರಿಗೂ ಕಳ್ಳರ ಕಾಟ ಇದ್ದೇ ಇರುತ್ತೆ. ದೂರು ಕೊಡುವಾಗ ಹೋದ ಮಾಲನ್ನೆಲ್ಲ ಬಿಡದೆ ಬರೆಸಿ, ಕೇಬಲ್ ಮೋಟರಿಗೆ ಬಿಲ್ಲಿದ್ದರೆ ಲಗತ್ತಿಸಿ. ಕಳ್ಳ ಕಣ್ಣೆದುರೇ ಇದ್ದರೆ 112ಕ್ಕೆ ಫೋನ್ ಮಾಡಿ. ಕೈ ಮಾಡಬೇಡಿ, ಕೇಸು ನಮ್ಮ ಮೇಲೇ ತಿರುಗುತ್ತೆ.

ಒಣಗಿದ ಒಂದು ಹೊರೆ ಸೌದೆಗೆ ಬರೋ ಹೆಂಗಸಿಗೆ ಯಾವ ಬದುವಲ್ಲಿ ಆಯ್ಕೋಬಹುದು ಅಂತ ನಾವೇ ತೋರಿಸಿಬಿಡೋದು ಒಳ್ಳೇದು. ಹೊತ್ತಲ್ಲದ ಹೊತ್ತಲ್ಲಿ ತೋಟದ ಹತ್ತಿರ ಟ್ರ್ಯಾಕ್ಟರ್ ನಿಂತಿದ್ದರೆ ಮೊದಲು ನೋಡೋದು, ಮೊದಲು ಕೂಗೋದು ಆಕೆಯೇ.

ನಿಮ್ಮೂರಲ್ಲಿ ಕೊನೆಯ ತಳವಾರ, ತೋಟಿ ಯಾರಾಗಿದ್ದರು, ಕಣದಲ್ಲಿ ಅವರಿಗೆ ಎಷ್ಟು ಮೊರ ಕೊಡ್ತಿದ್ದರು ಅಂತ ಮನೆಯ ಹಿರಿಯರನ್ನ ಕೇಳಿ. ಅದಕ್ಕಿಂತ ಮುಂಚೆ ಆ ಕೇರಿಗೇ ಹೋಗಿ ಕೇಳಿ. ಕೊಟ್ಟವರ ಲೆಕ್ಕಕ್ಕೂ ಪಡೆದವರ ಲೆಕ್ಕಕ್ಕೂ ವ್ಯತ್ಯಾಸ ಇರುತ್ತೆ. ಕಾವಲಿನ ಮಾತು ಶುರು ಮಾಡೋ ಮುಂಚೆ ನಾವು ತಿಳ್ಕೊಳ್ಳಬೇಕಾದ್ದು ಆ ವ್ಯತ್ಯಾಸವನ್ನೇ.